ಗಿಡ ನೆಡಲು ದುಡ್ಡಿದೆ, ನೀರು ಹಾಕಲು ಇಲ್ಲ

ಜೂನ್ 5 ಬಂತೆಂದರೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಗುದ್ದಲಿ ಹೊರಗೆ ಬರುತ್ತದೆ. ಪಂಚಾಯಿತಿ ಅಧ್ಯಕ್ಷರು, ಶಿಕ್ಷಣ ಇಲಾಖೆಯ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಅರಣ್ಯ ಇಲಾಖೆಯವರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಎಲ್ಲ ಸೇರಿ ಒಂದೇ ಸಸಿಗೆ ಕೈ ಹಚ್ಚುತ್ತಾರೆ. ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತದೆ. 2024ರಿಂದ ‘ಏಕ್ ಪೇಡ್ ಮಾ ಕೆ ನಾಮ್’ (ಅಮ್ಮನ ಹೆಸರಲ್ಲಿ ಒಂದು ಮರ) ಅಭಿಯಾನ ಬಂದ ಮೇಲೆ ಪೋರ್ಟಲ್‌ಗೂ ಹಾಕಬೇಕು. ಮುಂದಿನ ಜೂನ್‌ನಲ್ಲಿ ಹೋಗಿ ನೋಡಿದರೆ ಎಷ್ಟೋ ಕಡೆ ಸಸಿ ಇರುವುದಿಲ್ಲ, ಗುಂಡಿ ಇರುತ್ತದೆ. ಹೊಸದಾಗಿ ತೋಡುವ ಕೆಲಸ ಉಳಿಯಿತು ಅನ್ನಬೇಕು, ಅಷ್ಟೆ.

ಮೇಷ್ಟ್ರಿಗೆ ಆಸಕ್ತಿ ಇಲ್ಲ, ಊರವರಿಗೆ ಬೇಕಾಗಿಲ್ಲ ಎಂದು ಬಯ್ಯುವುದು ಸುಲಭ. ಆದರೆ ತಪ್ಪಿರುವುದು ಹಣ ಬರುವ ರೀತಿಯಲ್ಲಿ. ಸರ್ಕಾರ ಎಣಿಸುವುದು ನೆಟ್ಟ ಸಸಿಗಳನ್ನು. ಮೂರು ಬೇಸಿಗೆ ದಾಟಿ ನಿಂತ ಮರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಯಾವುದಕ್ಕೆ ಲೆಕ್ಕ ಕೇಳುತ್ತಾರೋ ಅದಕ್ಕೇ ದುಡ್ಡು ಬರುತ್ತದೆ, ಅಲ್ವಾ?

ಹಣ ಎಲ್ಲೆಲ್ಲಿಂದ ಬರುತ್ತದೆ ನೋಡೋಣ. ‘ಬಡ ಮಕ್ಕಳ ಶಾಲೆಯಲ್ಲಿ ಮರ ಬೆಳೆಸಲು’ ಅಂತಲೇ ಎತ್ತಿಟ್ಟ ದೊಡ್ಡ ಗಂಟು ಇಲ್ಲ. ಚೂರುಚೂರಾಗಿ ನಾಲ್ಕೈದು ಕಡೆ ಇದೆ. ಸಸಿ ಅರಣ್ಯ ಇಲಾಖೆಯ ನರ್ಸರಿಯಿಂದ, ಹೆಚ್ಚಾಗಿ ಸಾಮಾಜಿಕ ಅರಣ್ಯ ವಿಭಾಗದಿಂದ ಬರುತ್ತದೆ. ‘ಮಗುವಿಗೊಂದು ಮರ, ಶಾಲೆಗೊಂದು ವನ’ ಎಂಬ ಯೋಜನೆಯನ್ನು ಇದೇ ಇಲಾಖೆ ಹಿಂದೆ ನಡೆಸಿತ್ತು. ಗುಂಡಿ ತೋಡುವ ಕೂಲಿ ಉದ್ಯೋಗ ಖಾತ್ರಿಯಿಂದ ಬರುತ್ತಿತ್ತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಕೋ ಕ್ಲಬ್ (ಶಾಲೆಯ ಪರಿಸರ ಸಂಘ) ಹೆಸರಲ್ಲಿ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 15,000, ಪ್ರೌಢಶಾಲೆಗೆ 25,000 ರೂಪಾಯಿ ಮಿತಿಯೊಳಗೆ ಕೊಡಬಹುದು ಎಂದಿದೆ. ಅದರಲ್ಲೇ ಕ್ಲಬ್‌ನ ಉಳಿದ ಚಟುವಟಿಕೆಗಳೂ ಆಗಬೇಕು.

ಇನ್ನು ಶಾಲಾ ಅನುದಾನ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. 100 ಮಕ್ಕಳವರೆಗೆ 25,000. 250ರವರೆಗೆ 50,000. ಸೀಮೆಸುಣ್ಣ, ರಿಜಿಸ್ಟರ್, ಫಿನಾಯಿಲ್, ಮುರಿದ ನಲ್ಲಿ, ಕಿತ್ತುಹೋದ ಬಾಗಿಲ ಚಿಲಕ, ಎಲ್ಲ ಇದರಲ್ಲೇ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತ ಎಂದು ಮುಖ್ಯಮಂತ್ರಿ ಘೋಷಿಸಿದರು. ಒಳ್ಳೆಯ ಮಾತೇ. ಆದರೆ ಜಗಳೂರು, ಮೊಳಕಾಲ್ಮೂರು ಕಡೆ ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಗಾಳಿ. ಗಾಳಿಗೆ ಬಿಲ್ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು.

ಈ ಯಾವ ಬಾಬತ್ತಿನಲ್ಲೂ ಗಿಡಕ್ಕೆ ಮೂರನೇ ವರ್ಷದ ಬೇಸಿಗೆಯಲ್ಲಿ ನೀರು ಹಾಕುವವರ ಕೂಲಿ ಗಟ್ಟಿಯಾಗಿ ಸಿಗುವುದಿಲ್ಲ. ಉದ್ಯೋಗ ಖಾತ್ರಿಯ ನಿಯಮದಲ್ಲಿ ನೆಡುತೋಪಿನ ನಿರ್ವಹಣೆಗೆ ಅವಕಾಶವಿತ್ತು. ಆದರೆ ಒಂದು ಶಾಲೆಯ ನಲವತ್ತು ಗಿಡಕ್ಕೆಂದು ಎನ್‌ಎಂಆರ್ (ಕೂಲಿಯವರ ಹಾಜರಾತಿ ಪಟ್ಟಿ) ತೆಗೆದು, ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಹಾಜರಾತಿ ಫೋಟೊ ಹಾಕಿಸಲು ಯಾವ ಪಿಡಿಒ ತಾನೇ ಮುಂದೆ ಬರುತ್ತಾರೆ?

ನೀರಿನ ಲೆಕ್ಕ

ಒಂದು ಶಾಲೆಯಲ್ಲಿ 50 ಗಿಡ ನೆಟ್ಟರು ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ 10 ಲೀಟರಿನಂತೆ ವಾರಕ್ಕೆ ಎರಡು ಸಲ ಹಾಕಿದರೆ ವಾರಕ್ಕೆ 1,000 ಲೀಟರ್ ಬೇಕು. ಡಿಸೆಂಬರಿನಿಂದ ಮೇ ಕೊನೆಯವರೆಗೆ 26 ವಾರ. ಅಲ್ಲಿಗೆ 26,000 ಲೀಟರ್. ಇದು ಒಂದು ವರ್ಷದ ಮಾತು. ನಮ್ಮ ಕಡೆಯ ನೆಲದಲ್ಲಿ ಹೊಂಗೆ, ಬೇವಿನಂಥ ಗಟ್ಟಿ ಗಿಡಕ್ಕೂ ಎರಡು ಮೂರು ಬೇಸಿಗೆ ಆಸರೆ ಬೇಕು.

ಈಗ ಆಳಿನ ಲೆಕ್ಕ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ವಾರಕ್ಕೆ ಎರಡು ದಿನ ಒಬ್ಬರು ಕೆಲಸ ಮಾಡಿದರೆ 52 ದಿನ, ಅಂದರೆ 19,240 ರೂಪಾಯಿ. ಮೂವತ್ತು ಮಕ್ಕಳ ಶಾಲೆಗೆ ವರ್ಷಪೂರ್ತಿ ಬರುವ ಅನುದಾನದ ಹತ್ತಿರಹತ್ತಿರ ಎರಡು ಪಟ್ಟು ಇದು. ಗಿಡವೊಂದಕ್ಕೆ ವರ್ಷಕ್ಕೆ 385 ರೂಪಾಯಿ ಬೀಳುತ್ತದೆ. ಬೇಲಿ, ಟ್ಯಾಂಕರ್ ಇನ್ನೂ ಸೇರಿಲ್ಲ. ಸಸಿ ಇಲಾಖೆಯಿಂದ ಬಂದಿದೆ, ಗುಂಡಿ ಪಂಚಾಯಿತಿ ತೋಡಿಸಿದೆ, ಇನ್ನೇನು ಖರ್ಚು ಎಂದು ಕೇಳುವವರ ಮುಂದೆ ಈ ಅಂಕಿ ಇಡಬೇಕು.

ಹಾಗಂತ ಶಾಲೆಯಲ್ಲಿ ನೀರೇ ಇಲ್ಲ ಎಂದೂ ಅಲ್ಲ. ಬಿಸಿಯೂಟ ಮುಗಿದ ಹೊತ್ತಿನಲ್ಲಿ ಕೈ ತೊಳೆಯುವ ಕಟ್ಟೆಯ ಹತ್ತಿರ ಸ್ವಲ್ಪ ನಿಂತು ನೋಡಿ. ಸಾಲಾಗಿ ಮಕ್ಕಳು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಲೋಟ. ಅನ್ನದ ಅಗುಳು, ಸಾರಿನ ಬೇಳೆ ಸೇರಿ ಮೋರಿಯಲ್ಲಿ ಬೆಳ್ಳಗೆ ಹರಿಯುತ್ತದೆ. ಕಾಂಪೌಂಡಿನ ತೂತಿನಿಂದ ಆಚೆ ಹೋಗಿ ರಸ್ತೆಯ ಮಗ್ಗುಲಲ್ಲಿ ಕೆಸರಾಗುತ್ತದೆ. ಒಂದು ಮಗುವಿಗೆ ಕೈ, ತಟ್ಟೆ ಸೇರಿ ಒಂದೂವರೆ ಲೀಟರ್ ಹಿಡಿದರೂ ನೂರು ಮಕ್ಕಳಿಗೆ ದಿನಕ್ಕೆ 150 ಲೀಟರ್. ವಾರಕ್ಕೆ 750ಕ್ಕಿಂತ ಜಾಸ್ತಿ. ಮೇಲೆ ಹೇಳಿದ 1,000 ಲೀಟರಿನ ಮುಕ್ಕಾಲು ಪಾಲು ಇಲ್ಲೇ ಸಿಕ್ಕಿತು. ಅಗುಳು ತಡೆಯಲು ಒಂದು ಜಾಲರಿ, ನೀರು ನಿಲ್ಲಲು ಒಂದು ಸಣ್ಣ ತೊಟ್ಟಿ, ಅಲ್ಲಿಂದ ಗಿಡದ ಪಾತಿಗಳಿಗೆ ಒಂದು ಪೈಪು. ಬೇಕಿರುವುದು ಇಷ್ಟೇ. ಕೆಲವು ಶಾಲೆಗಳು ತಾವೇ ಮಾಡಿಕೊಂಡಿವೆ. ಆ ಮೋರಿಯ ಬಾಯಲ್ಲಿ ಬಾಳೆ, ಕರಿಬೇವು ಹೇಗೆ ತಲೆ ಎತ್ತಿರುತ್ತವೆ ಎಂಬುದನ್ನು ಕಂಡವರೇ ಬಲ್ಲರು.

ಆದರೆ ಈ ನೀರು ಶಾಲೆ ನಡೆಯುವಷ್ಟು ದಿನ ಮಾತ್ರ. ರಾಜ್ಯದಲ್ಲಿ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಒಟ್ಟು 48 ದಿನ. ಗಿಡಕ್ಕೆ ನೀರು ತೀರಾ ಬೇಕಾದ ದಿನಗಳೂ ಇವೇ. ಮಕ್ಕಳಿಲ್ಲ, ಮೇಷ್ಟ್ರಿಲ್ಲ, ಗೇಟಿಗೆ ಬೀಗ. ಗೇಟೇ ಇಲ್ಲದ ಕಡೆ ಆಡುಗಳಿಗೆ ಹಬ್ಬ. ಜೂನ್‌ನಿಂದ ಮಾರ್ಚ್‌ವರೆಗೆ ಮಕ್ಕಳು ಅಕ್ಕರೆಯಿಂದ ಸಾಕಿದ ಗಿಡ ಈ ಏಳು ವಾರಗಳಲ್ಲಿ ಒಣಗುತ್ತದೆ. ಶಾಲಾ ವನದ ಸೋಲಿಗೆ ಮುಖ್ಯ ಕಾರಣ ಒಂದೇ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಇದಕ್ಕೆ ಉತ್ತರ ಅಡುಗೆ ಕೋಣೆಯಲ್ಲೇ ಇದೆ. ಬಿಸಿಯೂಟದ ಅಡುಗೆಯವರ ಗೌರವಧನ ವರ್ಷಕ್ಕೆ ಹತ್ತು ತಿಂಗಳಿಗೆ ಮಾತ್ರ. ಏಪ್ರಿಲ್, ಮೇ ಬಂದರೆ ಬಿಡಿಗಾಸಿಲ್ಲ. ಅವರು ಅದೇ ಊರಿನವರು. ಶಾಲೆಯ ಬೀಗದ ಕೈ ಅವರ ಮನೆಯಲ್ಲೇ ಇರುವುದೂ ಉಂಟು. ಆ ಎರಡು ತಿಂಗಳು ಗಿಡಕ್ಕೆ ನೀರು ಹಾಕುವ ಕೆಲಸಕ್ಕೆ ಅವರಿಗೆ ಸಂಬಳ ಕೊಟ್ಟರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಹೊಸ ಹುದ್ದೆ ಬೇಡ, ಟೆಂಡರ್ ಬೇಡ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮುಂದಿನ ಬೇಸಿಗೆಯಲ್ಲಿ, ಅಂದರೆ 2024ರ ರಜೆಯಲ್ಲೂ ಸರ್ಕಾರ ಬಿಸಿಯೂಟ ನಡೆಸಿತು. ಒಲೆ ಹಚ್ಚಲು ರಜೆಯಲ್ಲಿ ಶಾಲೆ ತೆರೆಯಬಹುದಾದರೆ ಗಿಡಕ್ಕೆ ನೀರು ಹಾಕಲೂ ತೆರೆಯಬಹುದು.

ದಿನಾಂಕ ಬೆಂಗಳೂರಿನದು, ಮಳೆ ನಮ್ಮದು

ವಿಶ್ವ ಪರಿಸರ ದಿನ ಜೂನ್ 5. ವನಮಹೋತ್ಸವ ಜುಲೈ ಮೊದಲ ವಾರ. ಮಲೆನಾಡಿಗೆ ಈ ದಿನಗಳು ಸರಿ. ನಮ್ಮದು ಮಳೆನೆರಳಿನ ಸೀಮೆ. ಚಳ್ಳಕೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ 450ರಿಂದ 500 ಮಿಲಿಮೀಟರ್ ಆಸುಪಾಸು, ರಾಜ್ಯದಲ್ಲೇ ಕಡಿಮೆ ಬೀಳುವ ಕಡೆಗಳಲ್ಲಿ ಅದೊಂದು. ಆ ಮಳೆಯಲ್ಲೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆಯಿಂದ ಚಿತ್ತೆಯ ಹೊತ್ತಿಗೆ ಬರುತ್ತದೆ. ಜೂನ್, ಜುಲೈನಲ್ಲಿ ಇಲ್ಲಿ ಜಾಸ್ತಿ ಇರುವುದು ಗಾಳಿ. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿ ಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಆ ಗಾಳಿಗೆ ಒಂದಡಿ ಸಸಿಯನ್ನು ಒಡ್ಡಿದರೆ ಎಲೆ ಸುಟ್ಟಂತಾಗಿ ಉದುರುತ್ತದೆ.

ಇಲ್ಲಿ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲು ಉಣಿಸಬೇಕು. ಸಸಿಯನ್ನು ಆಗಸ್ಟ್ ಕೊನೆಯಲ್ಲಿ, ಎರಡು ಮೂರು ಒಳ್ಳೆಯ ಮಳೆ ಬಿದ್ದ ಮೇಲೆ ಇಳಿಸಬೇಕು. ಅಷ್ಟರೊಳಗೆ ನರ್ಸರಿಯಲ್ಲಿ ಅದು ಮೂರಡಿಯಾದರೆ ಇನ್ನೂ ಒಳ್ಳೆಯದು. ಇದೆಲ್ಲ ರೈತರಿಗೆ ಗೊತ್ತಿರುವ ವಿಷಯ. ಪೋರ್ಟಲ್‌ನ ಕೊನೆಯ ದಿನಾಂಕಕ್ಕೆ ಗೊತ್ತಿಲ್ಲ. ಅದೇ ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ಕಾಲುವೆ ಹರಿಯುವ ಕಡೆ ಭತ್ತ, ಅಡಿಕೆ, ತೆಂಗು ಬೆಳೆಯುತ್ತಾರೆ. ಅಲ್ಲಿ ನೆಟ್ಟದ್ದು ಹೇಗೋ ಹಿಡಿದುಕೊಳ್ಳುತ್ತದೆ. ಪಕ್ಕದ ಜಗಳೂರಿಗೂ ಅದೇ ದಿನ, ಅದೇ ಗುರಿ ಹಾಕಿದರೆ ಹೇಗೆ? ಭದ್ರಾ ಮೇಲ್ದಂಡೆ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಆ ಯೋಜನೆಗೆ 5,300 ಕೋಟಿ ಕೊಡುವುದಾಗಿ ಕೇಂದ್ರ ಬಜೆಟ್ ಹೇಳಿದ್ದು 2023ರಲ್ಲಿ. ಗಿಡಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ನೆಡುವ ರೀತಿಯ ಬಗ್ಗೆಯೂ ಒಂದು ಮಾತು. ಸತ್ತ ಸಸಿಯನ್ನು ಕಿತ್ತು ನೋಡಿದರೆ ಎಷ್ಟೋ ಸಲ ಕಪ್ಪು ಪ್ಲಾಸ್ಟಿಕ್ ಚೀಲ ಬೇರಿಗೆ ಹಾಗೇ ಅಂಟಿರುತ್ತದೆ. ಚೀಲ ಬಿಚ್ಚದೆ, ಕೆಳಗೆ ಒಂದು ಸೀಳು ಹಾಕಿ ಇಳಿಸಿರುತ್ತಾರೆ. ಬೇರು ಅದರೊಳಗೇ ಸುತ್ತಿಕೊಂಡು ಸುರುಳಿಯಾಗಿರುತ್ತದೆ. ಎಷ್ಟು ನೀರು ಹಾಕಿದರೂ ಅಂಥ ಗಿಡ ಗಾಳಿಗೆ ಬಿದ್ದೇ ಬೀಳುತ್ತದೆ. ಇದಕ್ಕೆ ಯಾವ ಅನುದಾನವೂ ಬೇಡ, ಗುಂಡಿಯ ಹತ್ತಿರ ಒಬ್ಬ ತಿಳಿದವರು ನಿಂತರೆ ಸಾಕು.

ಯಾವ ಗಿಡ ಎಂಬುದಕ್ಕೆ ಹೆಚ್ಚು ಚರ್ಚೆ ಬೇಕಿಲ್ಲ. ಹೊಂಗೆಗೆ ಆಡು ಅಷ್ಟಾಗಿ ಬಾಯಿ ಹಾಕುವುದಿಲ್ಲ, ನೆರಳು ದಟ್ಟ. ಬೇವು, ನೇರಳೆ, ಹುಣಸೆ ಈ ನೆಲಕ್ಕೆ ಒಗ್ಗಿದವೇ. ಹುಣಸೆ ತಡವಾಗಿ ಬೆಳೆದರೂ ಮುಂದೆ ಹಣ್ಣು ಹರಾಜು ಹಾಕಿದರೆ ಎಸ್‌ಡಿಎಂಸಿಗೆ ನಾಲ್ಕು ಕಾಸು ಬರುತ್ತದೆ. ನುಗ್ಗೆ, ಕರಿಬೇವು ಬಿಸಿಯೂಟದ ಸಾರಿಗೆ. ಬೇಗ ಹಸಿರು ಕಾಣಲಿ ಎಂದು ಕೊನೊಕಾರ್ಪಸ್ ಎಂಬ ಹೊರದೇಶದ ಗಿಡ ತರುವುದು ಬೇಡ, ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನೆಡಬಾರದು ಎಂದಿದೆ. ಇನ್ನೊಂದು ಎಚ್ಚರ: ಚಳ್ಳಕೆರೆಯ ಅಮೃತ ಮಹಲ್ ಕಾವಲಿನಂಥ ಹುಲ್ಲುಗಾವಲನ್ನು ಬರಡು ಎಂದು ತಿಳಿದು ಅಲ್ಲೆಲ್ಲ ಗಿಡ ನೆಡುವ ಉತ್ಸಾಹವೂ ಇದೆ. ಹುಲ್ಲು ಹುಲ್ಲಾಗಿಯೇ ಇರಲಿ. ನೆರಳು ಬೇಕಿರುವುದು ಶಾಲೆಯ ಅಂಗಳಕ್ಕೆ.

ನೆಲವೇ ಇಲ್ಲದ ಶಾಲೆಗಳು

ದಾವಣಗೆರೆ ನಗರದ ಕಥೆ ಬೇರೆ. ಮಂಡಕ್ಕಿ ಭಟ್ಟಿಗಳಿರುವ ಕಡೆ, ಹಳೆಯ ಮಿಲ್ ಕಾರ್ಮಿಕರ ಬಡಾವಣೆಗಳಲ್ಲಿ ಶಾಲೆ ಎಂದರೆ ಮೂರು ಕಡೆ ಗೋಡೆ, ನಡುವೆ ಸಿಮೆಂಟು. ಬೆಳಗ್ಗೆ ಪ್ರಾರ್ಥನೆ, ಮಧ್ಯಾಹ್ನ ಊಟ, ಸಂಜೆ ಆಟ ಎಲ್ಲ ಆ ಸಿಮೆಂಟಿನ ಮೇಲೇ. ದಾವಣಗೆರೆ 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ಒಂದಾಯಿತು. ಊರಿನ ರಸ್ತೆ, ಚರಂಡಿ ಚೆಂದವಾದವು. ಆದರೆ ಶಾಲೆಯ ಅಂಗಳಕ್ಕೆ ಟೈಲ್ಸ್ ಹಾಕುವುದೇ ಅಭಿವೃದ್ಧಿ ಎಂಬ ಮನಸ್ಸು ಹೋಗಲಿಲ್ಲ. ಪೇವರ್ಸ್ ಹಾಕಿದರೆ ಬಿಲ್ ಆಗುತ್ತದೆ, ಅಳತೆ ಪುಸ್ತಕದಲ್ಲಿ ಬರೆಯಬಹುದು. ನೆರಳನ್ನು ಯಾವ ಎಂಜಿನಿಯರ್ ಅಳೆಯುತ್ತಾರೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಸಮಸ್ಯೆಗೆ ರಾಜ್ಯ ಸರ್ಕಾರ ನೇರವಾಗಿ ಹಣ ಕೊಟ್ಟಿದೆ. ಡಾಂಬರು ಹಾಸಿದ ಶಾಲಾ ಅಂಗಳ ಒಡೆದು ಮರ ನೆಡುವುದಕ್ಕೆ ಅನುದಾನ. ಬಡವರ ಬಡಾವಣೆಯ ಶಾಲೆಗಳಿಗೆ ಆದ್ಯತೆ. ಆ ಹಣ ಹಂಚಿದ್ದು ಕಾಡ್ಗಿಚ್ಚು ನಂದಿಸುವ ‘ಕ್ಯಾಲ್ ಫೈರ್’ ಇಲಾಖೆ! ಲಾಸ್ ಏಂಜಲೀಸ್ ಶಾಲಾ ಮಂಡಳಿ 2035ರೊಳಗೆ ಪ್ರತಿ ಶಾಲೆಯ ಆವರಣದಲ್ಲಿ ಶೇ 30ರಷ್ಟು ಹಸಿರು ಇರಬೇಕೆಂದು ಗುರಿ ಇಟ್ಟುಕೊಂಡಿದೆ. ಅಲ್ಲಿನ ದುಡ್ಡಿಗೂ ನಮ್ಮ ದುಡ್ಡಿಗೂ ಹೋಲಿಕೆ ಇಲ್ಲ. ಒಂದು ವಿಷಯ ಮಾತ್ರ ಕಲಿಯುವಂಥದ್ದು: ಗುರಿ ಇಟ್ಟಿದ್ದು ಸಸಿಗಳ ಸಂಖ್ಯೆಗಲ್ಲ, ಅಂಗಳದಲ್ಲಿ ಎಷ್ಟು ಪಾಲು ಹಸಿರು ಎಂಬುದಕ್ಕೆ.

ನಗರದ ಇಕ್ಕಟ್ಟಿನ ಶಾಲೆಗೆ ಎರಡೇ ಮರ ಸಾಕು. ಪಶ್ಚಿಮದ ಗೋಡೆಯಿಂದ ಹತ್ತು ಹದಿನೈದು ಅಡಿ ದೂರದಲ್ಲಿ ಸಿಮೆಂಟ್ ಒಡೆದು ಹೊಂಗೆ ಹಾಕಿದರೆ ಮಧ್ಯಾಹ್ನದ ಬಿಸಿಲು ತರಗತಿಯ ಕಿಟಕಿಗೆ ಹೊಡೆಯುವುದು ತಪ್ಪುತ್ತದೆ. ಮುಂದೆ ಹೊಸ ಕೊಠಡಿ ಎಲ್ಲಿ ಬರುತ್ತದೆ ಎಂದು ಮೊದಲೇ ಗುರುತು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹತ್ತು ವರ್ಷದ ಮರ ಅಡಿಪಾಯಕ್ಕೆ ಬಲಿ. ದೊಡ್ಡ ಮರ ಎಂದರೆ ಹೆಡ್‌ಮಾಸ್ಟರ್‌ಗಳಿಗೆ ಭಯವೂ ಇದೆ. ಕೊಂಬೆ ಬಿದ್ದರೆ ಹೊಣೆ ಅವರ ತಲೆಗೆ. ಕಡಿಯಲು ಹೋದರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಒಣಕೊಂಬೆ ತೆಗೆಸುವ ಹೊಣೆಯನ್ನು ಅರಣ್ಯ ಇಲಾಖೆ ಹೊತ್ತುಕೊಂಡರೆ ಈ ಭಯ ಅರ್ಧ ಕಡಿಮೆಯಾಗುತ್ತದೆ.

ಯಾರಿಗೆ ಮೊದಲು?

ನಮ್ಮಲ್ಲಿ ಬಡವರ ಶಾಲೆ ಎಂದು ಬೇರೆ ಪಟ್ಟಿ ಬೇಕಿಲ್ಲ. ದುಡ್ಡಿದ್ದವರ ಮಕ್ಕಳು ಹಳದಿ ಬಸ್ಸು ಹತ್ತಿ ಹೋದ ಮೇಲೆ ಉಳಿದವರು ಬರುವುದೇ ಸರ್ಕಾರಿ ಶಾಲೆಗೆ. ಆದರೆ ಅವುಗಳಲ್ಲೂ ಮೇಲು ಕೀಳು ಇದೆ. ರಸ್ತೆ ಬದಿಯ ದೊಡ್ಡ ಊರಿನ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಬೋರ್‌ವೆಲ್ ಹಾಕಿಸಿಕೊಡುತ್ತಾರೆ. ಗೊಲ್ಲರಹಟ್ಟಿಯ, ತಾಂಡಾದ ಹದಿನೆಂಟು ಮಕ್ಕಳ ಶಾಲೆಗೆ ಯಾರೂ ಇಲ್ಲ. ಅನುದಾನ ಮಕ್ಕಳ ತಲೆ ಲೆಕ್ಕದಲ್ಲಿ ಬರುವುದರಿಂದ ಅಲ್ಲಿಗೆ ಬರುವುದೂ ಕಡಿಮೆ. ಬಿಸಿಲು ಮಾತ್ರ ತಲೆ ಎಣಿಸಿ ಬೀಳುವುದಿಲ್ಲ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು. ಜಗಳೂರು, ಮೊಳಕಾಲ್ಮೂರು ಅದರಲ್ಲಿವೆ. ಆ ಪಟ್ಟಿಗೆ ಮಳೆಯ ಅಂಕಿ ಸೇರಿಸಿದರೆ ಯಾವ ಶಾಲೆಗೆ ಮೊದಲು ಕೊಡಬೇಕು ಎಂಬುದು ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾಗುವ ಕೆಲಸ.

ಚಿತ್ರದುರ್ಗಕ್ಕೆ ಇನ್ನೊಂದು ದಾರಿಯೂ ಇದೆ, ಅದು ಗಣಿ ಹಣ. ಭೀಮಸಮುದ್ರ, ಹೊಳಲ್ಕೆರೆ ಕಡೆ ಅದಿರು ಲಾರಿಗಳ ಧೂಳು ಏನೆಂದು ಆ ರಸ್ತೆಯ ಊರಿನವರನ್ನು ಕೇಳಬೇಕು. ಗಣಿ ಕಾಯ್ದೆಯ 2015ರ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಕಂಪನಿಗಳು ರಾಜಧನದ ಮೇಲೆ ಹೆಚ್ಚುವರಿ ಹಣ ಕಟ್ಟಬೇಕು: ಹಳೆಯ ಗುತ್ತಿಗೆಗೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದದ್ದಕ್ಕೆ ಶೇ 10. ಶಿಕ್ಷಣ, ಪರಿಸರ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಇದಲ್ಲದೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ಬಾಧಿತ ಪ್ರದೇಶಗಳ ಪುನಶ್ಚೇತನಕ್ಕಾಗಿ ಇರುವ ಹಣ ಕೆಎಂಇಆರ್‌ಸಿ (ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ) ಕೈಯಲ್ಲಿದೆ, ಚಿತ್ರದುರ್ಗ ಅದರ ವ್ಯಾಪ್ತಿಗೆ ಬರುತ್ತದೆ. ಈ ಹಣಗಳಿಂದ ಕಟ್ಟಡ, ಕೊಠಡಿ ಕೇಳುವುದು ಎಲ್ಲರಿಗೂ ಅಭ್ಯಾಸ. ಮೂರು ವರ್ಷ ನೀರು ಹಾಕುವ ಕೂಲಿಯನ್ನೂ ಕೇಳಬೇಕು. ಧೂಳು ತಡೆಯುವ ಮರಕ್ಕೆ ಧೂಳೆಬ್ಬಿಸಿದವರ ಹಣ, ಇದಕ್ಕಿಂತ ನ್ಯಾಯ ಬೇಕಾ?

ಬದುಕಿದ ಗಿಡಕ್ಕೆ ದುಡ್ಡು

ಇದು ಹೊಸ ಆಲೋಚನೆಯೇನಲ್ಲ. ನಮ್ಮ ಅರಣ್ಯ ಇಲಾಖೆಯೇ ರೈತರಿಗೆ ಹೀಗೆ ಕೊಡುತ್ತಿದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನರ್ಸರಿಯಿಂದ ಸಸಿ ಒಯ್ದು ನೆಟ್ಟರೆ, ಉಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಒಟ್ಟು 125. ಸತ್ತ ಗಿಡಕ್ಕೆ ಕಾಸಿಲ್ಲ. ಬಿಹಾರದಲ್ಲಿ ಉದ್ಯೋಗ ಖಾತ್ರಿಯಡಿ 200 ಗಿಡಗಳ ಒಂದೊಂದು ಘಟಕವನ್ನು ಬಡ ಕುಟುಂಬಗಳಿಗೆ ವಹಿಸಿ, ಎಷ್ಟು ಉಳಿದವು ಎಂಬುದಕ್ಕೆ ತಕ್ಕಂತೆ ಕೂಲಿ ಕೊಡುವ ಪದ್ಧತಿ ಮಾಡಿದ್ದರು.

ಶಾಲೆಗೆ 125 ರೂಪಾಯಿ ಸಾಲದು. ರೈತ ದಿನಾ ಹೊಲಕ್ಕೆ ಹೋಗುತ್ತಾನೆ, ಕೊನೆಗೆ ಮರವೂ ಅವನದೇ. ಶಾಲೆಯಲ್ಲಿ ನೀರು ಹಾಕುವವರಿಗೆ ಕೂಲಿಯೇ ಆದಾಯ. ಆಗಲೇ ನೋಡಿದಂತೆ ಗಿಡವೊಂದಕ್ಕೆ ವರ್ಷಕ್ಕೆ ಸುಮಾರು 400 ಬೇಕು. 50 ಗಿಡಕ್ಕೆ ಮೂರು ವರ್ಷಕ್ಕೆ 60,000. ಇದು ಜಾಸ್ತಿ ಅನಿಸಿದರೆ ಗಿಡ ಕಡಿಮೆ ಮಾಡಿ. ಐವತ್ತು ನೆಟ್ಟು ಐದು ಉಳಿಸಿಕೊಳ್ಳುವ ಬದಲು ಹದಿನೈದು ನೆಟ್ಟು ಹದಿಮೂರು ಉಳಿಸಿಕೊಳ್ಳೋಣ. ಹದಿನೈದಕ್ಕೆ ಮೂರು ವರ್ಷಕ್ಕೆ 18,000 ಸಾಕು. ವಾರಕ್ಕೆ 300 ಲೀಟರ್ ನೀರು, ಶಾಲೆ ನಡೆಯುವಾಗ ತಟ್ಟೆ ತೊಳೆದದ್ದೇ ಸಾಕಾಗುತ್ತದೆ. ಗುರಿಯ ಪಟ್ಟಿಯಲ್ಲಿ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ ಎಂಬುದೊಂದೇ ತೊಂದರೆ. ಅಧಿಕಾರಿಗಳಿಗೆ ಅದೇ ದೊಡ್ಡ ತೊಂದರೆ ಎಂಬುದೂ ಗೊತ್ತು.

ಫೋಟೊ ಬೇಕಾದರೆ ತೆಗೆಯಲಿ. ಜೂನ್ 5ರಂದು ಬೇಡ, ಏಪ್ರಿಲ್ ಕೊನೆಯಲ್ಲಿ ತೆಗೆಯಲಿ. ಸತ್ತ ಗಿಡದ ಜಾಗಕ್ಕೆ ಹೊಸದನ್ನು ತಂದಿಟ್ಟು ಮೋಸ ಮಾಡಬಹುದಲ್ಲ ಎಂದರೆ, ಮಾಡಬಹುದು. ಆದರೆ ಯಾವ ಗಿಡ ಯಾರದು ಎಂದು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರುತ್ತದೆ. ಅವರ ಬಾಯಿ ಮುಚ್ಚಿಸುವುದು ಕಷ್ಟ.

ಈ ಎಲ್ಲ ಲೆಕ್ಕದ ನಡುವೆ 2025ರ ಡಿಸೆಂಬರಿನಲ್ಲಿ ಉದ್ಯೋಗ ಖಾತ್ರಿಯ ಕಾನೂನೇ ಬದಲಾಯಿತು. 2006ರಲ್ಲಿ ಆ ಯೋಜನೆ ಶುರುವಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ಇದ್ದವು. ಹಳೆಯ ಕಾನೂನಿನಲ್ಲಿ ಕೂಲಿಯ ಹಣ ಪೂರ್ತಿ ಕೇಂದ್ರದ್ದು. ಸಂಸತ್ತು ಒಪ್ಪಿದ ಹೊಸ ‘ವಿಬಿ–ಜಿ ರಾಮ್ ಜಿ’ ಕಾಯ್ದೆಯಲ್ಲಿ ಕೆಲಸದ ದಿನಗಳು 125ಕ್ಕೆ ಏರಿವೆ, ಆದರೆ ಖರ್ಚಿನಲ್ಲಿ ಶೇ 40 ರಾಜ್ಯ ಹಾಕಬೇಕು. ಹಾಗಾಗಿ ಶಾಲೆಯ ಗಿಡಕ್ಕೆ ನೀರು ಹಾಕುವ ಕೂಲಿ ಇನ್ನು ಮುಂದೆ ಬೆಂಗಳೂರಿನ ಬಜೆಟ್ಟಿನ ವಿಷಯವೂ ಹೌದು. ಇನ್ನೊಂದು ಅಂಶವಿದೆ. ಬಿತ್ತನೆ, ಕಟಾವಿನ ಸಮಯದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸಗಳನ್ನು ನಿಲ್ಲಿಸಲು ರಾಜ್ಯ ಅಧಿಸೂಚನೆ ಹೊರಡಿಸಬೇಕು. ಬಿತ್ತನೆ ಕಾಲವೇ ಗಿಡ ನೆಡುವ ಕಾಲ. ಆ 60 ದಿನಗಳನ್ನು ಜುಲೈ, ಆಗಸ್ಟಿನಲ್ಲಿ ಹಾಕಿದರೆ ಶಾಲೆಯ ಗುಂಡಿಗೆ ಆಳು ಸಿಗುವುದಿಲ್ಲ. ಮೇನಲ್ಲೇ ಗುಂಡಿ ತೋಡಿಸಿಕೊಂಡ ಶಾಲೆಗೆ ಈ ತೊಂದರೆ ಬರುವುದಿಲ್ಲ.

ಎಸ್‌ಡಿಎಂಸಿಯವರು ಮಾಡಬಹುದಾದ ಕೆಲಸ ಗ್ರಾಮಸಭೆಯಲ್ಲಿದೆ. ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ಸಿದ್ಧವಾಗುವುದು ಸಾಮಾನ್ಯವಾಗಿ ಅಕ್ಟೋಬರ್ 2ರ ಗ್ರಾಮಸಭೆಯಿಂದ ಮುಂದಕ್ಕೆ. ಅಲ್ಲಿ ‘ಶಾಲೆಯಲ್ಲಿ ಸಸಿ ನೆಡುವುದು’ ಎಂದು ಬರೆಸಿದರೆ ಗುಂಡಿ ಮಾತ್ರ ಸಿಗುತ್ತದೆ. ‘ಹದಿನೈದು ಗಿಡ, ಬೇಲಿ, ಕೈ ತೊಳೆಯುವ ಕಟ್ಟೆಯಿಂದ ಪೈಪು, ಮೂರು ಬೇಸಿಗೆ ನೀರು ಹಾಕುವ ಕೂಲಿ’ ಎಂದು ಬಿಡಿಸಿ ಬರೆಸಿ, ನಡಾವಳಿಯ ಒಂದು ನಕಲು ತೆಗೆದಿಟ್ಟುಕೊಳ್ಳಿ.